ಮಿಲಿಗ್ರಾಂ ಲೆಕ್ಕದ ಸಲಕರಣೆಗಳು: ಜೀವಸತ್ವಗಳು ದೇಹದೊಳಗೆ ಮಾಡುವ ಕೆಲಸ

ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾಗುವ ಬಿ12 ಜೀವಸತ್ವ 2.4 ಮೈಕ್ರೋಗ್ರಾಂ. ಒಂದು ಗ್ರಾಂ ಬಿ12 ಒಬ್ಬರಿಗೆ ಸಾವಿರದ ನೂರು ವರ್ಷಕ್ಕೂ ಮಿಕ್ಕಿ ಸಾಲುತ್ತದೆ ಎಂದು ಲೆಕ್ಕ. ಇಷ್ಟು ಕಡಿಮೆ ಸಾಕಾಗುವ ವಸ್ತು ಸಿಗದೆ ಹೋದರೆ ರಕ್ತ ತಯಾರಾಗುವ ಕ್ರಮವೇ ಕೆಡುತ್ತದೆ, ಪಾದಗಳು ಜೋಮು ಹಿಡಿಯುತ್ತವೆ, ನೆನಪು ಮಸುಕಾಗುತ್ತದೆ. ಹದಿಮೂರು ಜೀವಸತ್ವಗಳ ಒಂದು ದಿನದ ಅಗತ್ಯವನ್ನೆಲ್ಲ ಒಟ್ಟಿಗೆ ತೂಗಿದರೂ 150 ಮಿಲಿಗ್ರಾಂ ದಾಟುವುದಿಲ್ಲ. ಅದರಲ್ಲೂ 75ರಿಂದ 90 ಮಿಲಿಗ್ರಾಂ ಸಿ ಜೀವಸತ್ವವೊಂದರ ಪಾಲು.

ಇಷ್ಟು ಸ್ವಲ್ಪ ಹೇಗೆ ಸಾಲುತ್ತದೆ? ಅನ್ನ, ಎಣ್ಣೆ, ಬೇಳೆ ದೇಹದಲ್ಲಿ ಉರಿದು ಮುಗಿಯುತ್ತವೆ ಅಥವಾ ಮಾಂಸಖಂಡದ ಭಾಗವಾಗುತ್ತವೆ. ಅವು ಸೌದೆ, ಇಟ್ಟಿಗೆ. ಜೀವಸತ್ವಗಳು ಹಾಗಲ್ಲ, ಅವು ಕೆಲಸಗಾರನ ಕೈಯಲ್ಲಿರುವ ಸುತ್ತಿಗೆ, ಇಕ್ಕಳದ ಜಾತಿಗೆ ಸೇರಿದವು. ಒಂದೇ ಅಣು ಸಾವಿರಾರು ಸಲ ಬಳಕೆಯಾಗುತ್ತದೆ, ಸವೆದದ್ದಕ್ಕೂ ಮೂತ್ರದಲ್ಲಿ ಹೋದದ್ದಕ್ಕೂ ಬದಲಿ ಒದಗಿಸಿದರೆ ಸಾಕು. ‘ಶಕ್ತಿಗೆ ವಿಟಮಿನ್ ತಗೊಳ್ಳಿ’ ಎನ್ನುವ ಮಾತು ಹಾದಿ ತಪ್ಪಿಸುವುದು ಇಲ್ಲೇ. ಯಾವ ಜೀವಸತ್ವದಲ್ಲೂ ದೇಹ ಉರಿಸಿಕೊಳ್ಳುವಂಥ ಕ್ಯಾಲೊರಿ ಇಲ್ಲ. ಸಲಕರಣೆ ಕಳೆದುಹೋಗಿದ್ದವನಿಗೆ ಅದನ್ನು ಕೊಟ್ಟರೆ ಕೆಲಸ ಮತ್ತೆ ಶುರುವಾಗುತ್ತದೆ. ಈಗಾಗಲೇ ಇಕ್ಕಳ ಹಿಡಿದವನ ಕೈಗೆ ಇನ್ನೂ ಹತ್ತು ಇಕ್ಕಳ ತುರುಕಿದರೆ ಕೆಲಸ ಹತ್ತು ಪಟ್ಟು ಬೇಗ ಆಗುವುದಿಲ್ಲ.

ಹಾಗಾಗಿ ಯಾವುದೇ ಜೀವಸತ್ವದ ವಿಷಯ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಲಾಭ. ಅದು ಯಾವ ಕೆಲಸದ ಸಲಕರಣೆ? ದೇಹದಲ್ಲಿ ಅದರ ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ? ಅದು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ? ಕೊರತೆಯ ಲಕ್ಷಣ, ಅದು ಕಾಣಿಸಿಕೊಳ್ಳಲು ಹಿಡಿಯುವ ಕಾಲ, ಅತಿಯಾದರೆ ಆಗುವ ತೊಂದರೆ ಎಲ್ಲವೂ ಈ ಮೂರರ ಉತ್ತರದಲ್ಲೇ ಅಡಗಿರುತ್ತವೆ.

ಸಕ್ಕರೆ ಉರಿಯುವ ಬಾಗಿಲಲ್ಲಿ ನಾಲ್ವರು

ಬಿ ಗುಂಪಿನ ಎಂಟು ಜೀವಸತ್ವಗಳನ್ನು ಅರ್ಥಮಾಡಿಕೊಳ್ಳಲು ಒಂದೇ ಒಂದು ಜಾಗ ನೋಡಿದರೆ ಅರ್ಧ ಕೆಲಸ ಮುಗಿಯಿತು. ನಾವು ತಿಂದ ಪಿಷ್ಟ ಗ್ಲೂಕೋಸ್ ಆಗಿ ಜೀವಕೋಶದೊಳಗೆ ಹೋಗುತ್ತದೆ, ಅಲ್ಲಿ ಮುರಿದು ಪೈರುವೇಟ್ ಎಂಬ ಸಣ್ಣ ಅಣುವಾಗುತ್ತದೆ. ಇಷ್ಟರಲ್ಲಿ ಸಿಕ್ಕುವ ಶಕ್ತಿ ಅತ್ಯಲ್ಪ. ನಿಜವಾದ ಶಕ್ತಿ ಹೊರಬರಬೇಕಾದರೆ ಪೈರುವೇಟ್ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ ಹೋಗಿ ಇನ್ನೊಂದು ರೂಪ ತಾಳಬೇಕು. ಆ ರೂಪಾಂತರ ಮಾಡುವ ಕಿಣ್ವಕ್ಕೆ ಐದು ಸಹಾಯಕ ಅಣುಗಳು ಬೇಕು. ಒಂದನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಉಳಿದ ನಾಲ್ಕು ಬಿ1, ಬಿ2, ಬಿ3, ಬಿ5 ಜೀವಸತ್ವಗಳಿಂದಲೇ ಆಗಬೇಕು. ನಾಲ್ವರಲ್ಲಿ ಒಬ್ಬ ಬಾರದಿದ್ದರೂ ಬಾಗಿಲು ತೆರೆಯುವುದಿಲ್ಲ.

ಇವರಲ್ಲಿ ಮೊದಲು ಕೈಕೊಡುವುದು ಬಿ1, ಅಂದರೆ ಥಯಾಮಿನ್. ಕಾರಣ ದಾಸ್ತಾನು: ದೇಹದಲ್ಲಿ ಒಟ್ಟು ಇರುವುದೇ ಸುಮಾರು 30 ಮಿಲಿಗ್ರಾಂ, ದಿನದ ಖರ್ಚು ಒಂದೂಕಾಲು ಮಿಲಿಗ್ರಾಂ ಹತ್ತಿರ. ಪೂರೈಕೆ ನಿಂತರೆ ಎರಡು ಮೂರು ವಾರದಲ್ಲಿ ತಳ ಕಾಣುತ್ತದೆ. ಆಗ ಪೈರುವೇಟ್ ಮುಂದೆ ಹೋಗಲಾಗದೆ ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಹೆಚ್ಚು ಶಕ್ತಿ ಸುಡುವ ಅಂಗಗಳೇ ಮೊದಲು ಸೊರಗುತ್ತವೆ: ನರಗಳು, ಹೃದಯ, ಮಿದುಳು. ಇದೇ ಬೆರಿಬೆರಿ. ಒಂದು ಬಗೆಯಲ್ಲಿ ಕಾಲುಗಳ ಬಲ ಕುಂದುತ್ತದೆ, ಇನ್ನೊಂದರಲ್ಲಿ ಹೃದಯ ಸೋತು ಮೈ ಊದಿಕೊಳ್ಳುತ್ತದೆ.

1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿಗೆ ರೋಗಾಣು ಹುಡುಕುತ್ತಿದ್ದರು. ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಸೋತವು, ತೌಡು ಸಮೇತ ಅಕ್ಕಿ ತಿಂದ ಕೋಳಿಗಳು ಚೇತರಿಸಿಕೊಂಡವು. ತೌಡಿನಲ್ಲಿದ್ದದ್ದು ಥಯಾಮಿನ್. ಕಾಯಿಲೆ ಏನೋ ಒಂದು ‘ಇರುವುದರಿಂದ’ ಬರುತ್ತದೆ ಎಂದು ನಂಬಿದ್ದ ಕಾಲದಲ್ಲಿ, ಏನೋ ಒಂದು ‘ಇಲ್ಲದಿರುವುದರಿಂದಲೂ’ ಬರಬಹುದು ಎನ್ನುವುದು ದೊಡ್ಡ ತಿರುವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ‘ವಿಟಮೈನ್’ ಎಂದು ಹೆಸರಿಟ್ಟರು, ಜೀವಕ್ಕೆ ಬೇಕಾದ ಅಮೈನ್ ಎಂಬ ಅರ್ಥದಲ್ಲಿ. ಇವೆಲ್ಲ ಅಮೈನ್‌ಗಳಲ್ಲ ಎಂದು ಆಮೇಲೆ ತಿಳಿಯಿತು, ಹೆಸರು ಮಾತ್ರ ಅಲ್ಪಸ್ವಲ್ಪ ಬದಲಾಗಿ ಉಳಿದುಕೊಂಡಿತು.

ಥಯಾಮಿನ್ ಕೊರತೆ ಹಳೆಯ ಕಾಲದ ಕಾಯಿಲೆ ಎಂದುಕೊಳ್ಳಬಾರದು. ಬಹುಕಾಲ ವಿಪರೀತ ಮದ್ಯಪಾನ ಮಾಡುವವರು, ಬಸುರಿಯಲ್ಲಿ ವಾರಗಟ್ಟಲೆ ವಾಂತಿಯಾಗಿ ಏನೂ ದಕ್ಕದವರು, ಬೊಜ್ಜು ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇವತ್ತಿಗೂ ಇದರಲ್ಲಿ ಬೀಳುತ್ತಾರೆ. ಇವರ ವಿಷಯದಲ್ಲಿ ಆಗುವ ಅಪಾಯಕಾರಿ ತಪ್ಪು ಒಂದಿದೆ. ಸುಸ್ತಾಗಿ ಬಂದವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ, ಆ ಗ್ಲೂಕೋಸನ್ನು ಉರಿಸುವ ಯತ್ನದಲ್ಲಿ ಉಳಿದಿದ್ದ ಚೂರುಪಾರು ಥಯಾಮಿನ್ ಸಹ ಖಾಲಿಯಾಗುತ್ತದೆ. ಕಣ್ಣುಗುಡ್ಡೆಗಳ ಚಲನೆ ಕೆಡುವುದು, ನಡಿಗೆ ತೂರಾಡುವುದು, ಗಲಿಬಿಲಿ ಶುರುವಾಗುವುದು ಇದರ ಗುರುತು. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು. ಅದಕ್ಕೇ ಇಂಥವರಿಗೆ ಥಯಾಮಿನ್ ಮೊದಲು ಅಥವಾ ಜೊತೆಗೇ ಕೊಡುತ್ತಾರೆ.

ಬಿ3 ಅಥವಾ ನಯಾಸಿನ್ ಇಲ್ಲದಿದ್ದರೆ ಪೆಲಾಗ್ರ: ಬಿಸಿಲು ಬೀಳುವ ಚರ್ಮ ಸುಟ್ಟಂತಾಗುತ್ತದೆ, ಭೇದಿ, ಬುದ್ಧಿಭ್ರಮಣೆ. ಮೆಕ್ಕೆಜೋಳವನ್ನೇ ನಂಬಿ ಬದುಕಿದ ಬಡವರಲ್ಲಿ ಇದು ಹರಡಿತ್ತು. ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಇದ್ದರೂ ಅದು ಬಿಗಿಯಾಗಿ ಅಂಟಿಕೊಂಡಿರುತ್ತದೆ, ಕರುಳಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿದರೆ ಬಿಡುತ್ತದೆ. ಮಧ್ಯ ಅಮೆರಿಕದ ಜನ ಸಾವಿರಾರು ವರ್ಷದಿಂದ ಹಾಗೆಯೇ ಮಾಡುತ್ತಿದ್ದರು. ಆ ಬೆಳೆಯನ್ನು ಯುರೋಪಿಗೆ ಒಯ್ದವರು ಬೀಜ ತಂದರು, ಅಡುಗೆಯ ಕ್ರಮ ತರಲಿಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ದೇಹ ನಯಾಸಿನ್ ತಯಾರಿಸಿಕೊಳ್ಳಬಲ್ಲದು, ಆದರೆ ಸುಮಾರು 60 ಮಿಲಿಗ್ರಾಂಗೆ ಸಿಗುವುದು ಒಂದು ಮಿಲಿಗ್ರಾಂ.

ಬಿ6 ನೂರಕ್ಕೂ ಹೆಚ್ಚು ಕಿಣ್ವಗಳ ಜೊತೆ ಕೆಲಸ ಮಾಡುತ್ತದೆ, ಮುಖ್ಯವಾಗಿ ಅಮೈನೊ ಆಮ್ಲಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕಡೆ. ಮಿದುಳಿನ ಸಂದೇಶವಾಹಕ ರಾಸಾಯನಿಕಗಳಾದ ಸೆರೊಟೊನಿನ್, ಡೋಪಮಿನ್ ತಯಾರಾಗಲೂ ಇದು ಬೇಕು. ‘ನೀರಲ್ಲಿ ಕರಗುವ ಜೀವಸತ್ವ ಎಷ್ಟು ತಿಂದರೂ ಮೂತ್ರದಲ್ಲಿ ಹೋಗಿಬಿಡುತ್ತದೆ’ ಎನ್ನುವವರಿಗೆ ಉತ್ತರವೂ ಇದೇ ಬಿ6. ದಿನದ ಅಗತ್ಯ ಒಂದೂವರೆ ಮಿಲಿಗ್ರಾಂ ಆಸುಪಾಸು. ನೂರಾರು ಮಿಲಿಗ್ರಾಂನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಸ್ಪರ್ಶದ ನರಗಳೇ ಹಾಳಾಗಿ ಕೈಕಾಲು ಮರಗಟ್ಟುತ್ತವೆ, ನಡಿಗೆಯ ಹಿಡಿತ ತಪ್ಪುತ್ತದೆ. ನರದ ತೊಂದರೆಗೆಂದು ತೆಗೆದುಕೊಂಡ ಮಾತ್ರೆಯೇ ನರದ ತೊಂದರೆ ತರುವ ವಿಪರ್ಯಾಸ.

ಬಿ12 ಮತ್ತು ಫೋಲೇಟ್: ಒಂದರ ಮರೆಯಲ್ಲಿ ಇನ್ನೊಂದು

ಜೀವಕೋಶವೊಂದು ಎರಡಾಗಬೇಕಾದರೆ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಬೇಕಾದ ಅಕ್ಷರಗಳಲ್ಲಿ ಒಂದನ್ನು ತಯಾರಿಸಲು ಫೋಲೇಟ್, ಅಂದರೆ ಬಿ9 ಜೀವಸತ್ವ, ಬೇಕು. ಇಂಗಾಲದ ಒಂದೊಂದೇ ಪರಮಾಣುವನ್ನು ಹೊತ್ತು ಇಲ್ಲಿಂದ ಅಲ್ಲಿಗೆ ಕೊಡುವುದು ಅದರ ಕೆಲಸ. ಮೂಳೆಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಕೆಂಪು ರಕ್ತಕಣಗಳು ಹುಟ್ಟುತ್ತಿರುತ್ತವೆ, ಆದ್ದರಿಂದ ಫೋಲೇಟ್ ಕಡಿಮೆಯಾದರೆ ಪೆಟ್ಟು ಮೊದಲು ಅಲ್ಲಿಗೆ. ಕೋಶ ಬೆಳೆಯುತ್ತದೆ, ವಿಭಜನೆಯಾಗಲು ಆಗುವುದಿಲ್ಲ. ದೊಡ್ಡದಾದ, ಬಲವಿಲ್ಲದ, ಕಡಿಮೆ ಸಂಖ್ಯೆಯ ರಕ್ತಕಣಗಳು ಹೊರಬರುತ್ತವೆ. ರಕ್ತಪರೀಕ್ಷೆಯ ವರದಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಎಂಬ ಸಾಲಿನಲ್ಲಿ 100ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ವೈದ್ಯರು ಫೋಲೇಟ್, ಬಿ12 ಎರಡನ್ನೂ ನೆನೆಸಿಕೊಳ್ಳುವುದು ಇದಕ್ಕೇ.

ಎರಡನ್ನೂ ಏಕೆ? ಫೋಲೇಟ್ ತನ್ನ ಹೊರೆ ಇಳಿಸಿ ಮತ್ತೆ ಕೆಲಸಕ್ಕೆ ಬರಬೇಕಾದರೆ ಬಿ12 ಆ ಹೊರೆಯನ್ನು ಇಳಿಸಿಕೊಳ್ಳಬೇಕು. ಬಿ12 ಇಲ್ಲದಿದ್ದರೆ ಫೋಲೇಟ್ ಹೊರೆ ಹೊತ್ತುಕೊಂಡೇ ಸಿಕ್ಕಿಹಾಕಿಕೊಳ್ಳುತ್ತದೆ. ರಕ್ತದಲ್ಲಿ ಫೋಲೇಟ್ ಸಾಕಷ್ಟಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಬಿ12 ಕೊರತೆಯ ರಕ್ತ, ಫೋಲೇಟ್ ಕೊರತೆಯ ರಕ್ತದಂತೆಯೇ ಕಾಣುತ್ತದೆ.

ಇಲ್ಲೊಂದು ಬಲೆ ಇದೆ. ಮಾತ್ರೆಯಲ್ಲಿರುವ ಫೋಲೇಟ್‌ನ ರೂಪವಾದ ಫೋಲಿಕ್ ಆಮ್ಲ ಹೊರೆಯಿಲ್ಲದೆ ಬರುವಂಥದ್ದು. ಅದು ಬಿ12 ಸಹಾಯವಿಲ್ಲದೆಯೂ ಡಿಎನ್‌ಎ ಕೆಲಸಕ್ಕೆ ಇಳಿಯುತ್ತದೆ. ಬಿ12 ಕೊರತೆಯಿರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಬಿ12ಗೆ ಇನ್ನೊಂದು ಕೆಲಸವಿದೆ, ನರಗಳ ಸುತ್ತಲಿನ ಮಯಲಿನ್ ಹೊದಿಕೆ ನೆಟ್ಟಗಿರಬೇಕಾದರೆ ಅದು ಬೇಕೇ ಬೇಕು. ಆ ಕಡೆ ಹಾನಿ ಸದ್ದಿಲ್ಲದೆ ಮುಂದುವರಿಯುತ್ತದೆ. ಪಾದದ ಜೋಮು, ಕತ್ತಲಲ್ಲಿ ಕಣ್ಣುಮುಚ್ಚಿ ನಿಂತರೆ ತೂರಾಟ, ಮರೆವು. ಚಿಕಿತ್ಸೆ ತಡವಾದರೆ ನರಗಳು ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಇನ್ನೊಂದು ಗೊಂದಲ: ಕಬ್ಬಿಣವಿಲ್ಲದ ರಕ್ತಕಣ ಚಿಕ್ಕದು, ಬಿ12 ಇಲ್ಲದ್ದು ದೊಡ್ಡದು, ಸರಾಸರಿ ತೆಗೆದಾಗ ಎಂಸಿವಿ ‘ಸಹಜ’ ಎಂದೇ ಬರುತ್ತದೆ.

ಇನ್ನು ಬಿ12ರ ಬಾಗಿಲು. ಹದಿಮೂರರಲ್ಲಿ ಇಷ್ಟು ಕಷ್ಟದ ದಾರಿ ಬೇರೆ ಯಾವುದಕ್ಕೂ ಇಲ್ಲ. ಮಾಂಸ, ಮೊಟ್ಟೆ, ಹಾಲಿನಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಅದನ್ನು ಬಿಡಿಸಬೇಕು. ಜೊಲ್ಲಿನಿಂದ ಬಂದ ಪ್ರೋಟೀನೊಂದು ಅದನ್ನು ಸಣ್ಣಕರುಳಿನವರೆಗೆ ಕಾಯಬೇಕು. ಅಲ್ಲಿ ಮೇದೋಜೀರಕಾಂಗದ ರಸ ಆ ಕಾವಲನ್ನು ಕರಗಿಸಿದ ಮೇಲೆ, ಜಠರದ ಗೋಡೆಯೇ ಸ್ರವಿಸಿದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಕೈಹಿಡಿಯಬೇಕು. ಆ ಜೋಡಿಯನ್ನು ಸಣ್ಣಕರುಳಿನ ಕಟ್ಟಕಡೆಯ ಭಾಗ ಮಾತ್ರ ಗುರುತಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ, ತಟ್ಟೆಯಲ್ಲಿ ಬಿ12 ಎಷ್ಟಿದ್ದರೂ ರಕ್ತಕ್ಕೆ ಬಾರದು. ವಯಸ್ಸಾದಂತೆ ಜಠರದ ಒಳಪೊರೆ ತೆಳುವಾಗುವುದು, ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವುದು, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಳ್ಳುವುದು, ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧ ದೇಹವೇ ತಿರುಗಿಬೀಳುವುದು, ಹೀಗೆ ಕಾರಣಗಳು ಹಲವು.

ಗಿಡಗಳು ಬಿ12 ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರು ಮಾತ್ರೆಯನ್ನೋ ಬಿ12 ಬೆರೆಸಿದ ಆಹಾರವನ್ನೋ ಅವಲಂಬಿಸಲೇಬೇಕು. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಬಿ12 ಇದೆ ಎಂಬ ಪ್ರಚಾರವನ್ನು ನಂಬಬೇಡಿ, ಅದರಲ್ಲಿ ಇರುವುದು ಬಹುಪಾಲು ಬಿ12 ಹೋಲುವ, ಮನುಷ್ಯನ ದೇಹಕ್ಕೆ ಕೆಲಸಕ್ಕೆ ಬಾರದ ಅಣು.

ಯಕೃತ್ತಿನಲ್ಲಿ ಎರಡು ಮೂರು ಮಿಲಿಗ್ರಾಂ ಬಿ12 ದಾಸ್ತಾನು ಇರುವುದರಿಂದ ಆಹಾರದಲ್ಲಿ ನಿಂತರೂ ಕೊರತೆ ಕಾಣಲು ವರ್ಷಗಳೇ ಹಿಡಿಯುತ್ತವೆ. ಹಾಗೆಂದು ಬಾಗಿಲೇ ಕೆಟ್ಟಿದ್ದರೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಯಕೃತ್ತು ದಿನವೂ ಪಿತ್ತರಸದ ಜೊತೆ ಸ್ವಲ್ಪ ಬಿ12 ಕರುಳಿಗೆ ಬಿಡುತ್ತದೆ, ಆರೋಗ್ಯವಂತರಲ್ಲಿ ಅದು ಮತ್ತೆ ಹೀರಿಕೆಯಾಗುತ್ತದೆ. ಬಾಗಿಲು ಮುಚ್ಚಿದ್ದರೆ ಅದೂ ಹೊರಗೆ ಹೋಗುತ್ತದೆ. ಮಾತ್ರೆಗಳಲ್ಲಿ 1000 ಮೈಕ್ರೋಗ್ರಾಂ ಎಂಬ ಭಾರೀ ಅಂಕಿ ಕಾಣುವುದಕ್ಕೂ ಕಾರಣ ಈ ಬಾಗಿಲೇ. ಒಂದು ಸಲಕ್ಕೆ ಅದು ಬಿಟ್ಟುಕೊಳ್ಳುವುದು ಸುಮಾರು ಎರಡು ಮೈಕ್ರೋಗ್ರಾಂ. ಉಳಿದದ್ದರಲ್ಲಿ ಶೇಕಡ ಒಂದರಷ್ಟು ಮಾತ್ರ ಗೋಡೆಯ ಮೂಲಕ ಸುಮ್ಮನೆ ಒಸರಿ ಒಳಗೆ ಬರುತ್ತದೆ. ಸಾವಿರದಲ್ಲಿ ಆ ಒಂದು ಪಾಲೆಂದರೆ ಹತ್ತು ಮೈಕ್ರೋಗ್ರಾಂ, ಬಾಗಿಲು ಪೂರ್ತಿ ಕೆಟ್ಟವರಿಗೂ ಅದು ಸಾಕು. ನರದ ಲಕ್ಷಣ ಇದ್ದಾಗ ಮಾತ್ರ ಕಾಯಲು ಸಮಯವಿಲ್ಲದ್ದರಿಂದ ಇಂಜೆಕ್ಷನ್‌ನಿಂದ ಶುರುಮಾಡುತ್ತಾರೆ.

ಫೋಲೇಟ್ ಬಗ್ಗೆ ಒಂದು ಮಾತು ಉಳಿದಿದೆ, ಅದು ಕ್ಯಾಲೆಂಡರಿನ ಮಾತು. ಭ್ರೂಣದ ಮಿದುಳು, ಬೆನ್ನುಹುರಿ ಆಗಲಿರುವ ಕೊಳವೆ ಗರ್ಭ ನಿಂತ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ಗೊತ್ತಾಗಿರುವುದಿಲ್ಲ. ಗೊತ್ತಾದ ಮೇಲೆ ಮಾತ್ರೆ ಶುರುಮಾಡಿದರೆ ಈ ಕೆಲಸದ ಮಟ್ಟಿಗೆ ತಡವಾಯಿತು. ಆದ್ದರಿಂದಲೇ ಮಗು ಬೇಕೆಂದು ಯೋಚಿಸುವಾಗಲೇ, ಕನಿಷ್ಠ ಒಂದು ತಿಂಗಳು ಮುಂಚೆಯಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು ಎನ್ನುವುದು. ಹಿಂದಿನ ಮಗುವಿಗೆ ಇಂಥ ದೋಷ ಇದ್ದವರಿಗೆ ಅದರ ಹತ್ತು ಪಟ್ಟು, ವೈದ್ಯರ ಸಲಹೆಯ ಮೇಲೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನದಲ್ಲಿ, ಇಂಥ ತಾಯಂದಿರು ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡಾಗ ದೋಷ ಮರುಕಳಿಸುವುದು ಶೇಕಡ 72ರಷ್ಟು ತಗ್ಗಿತ್ತು.

ಸಿ: ಹಗ್ಗಕ್ಕೆ ಹುರಿ ಹಾಕುವ ಕೈ

ಚರ್ಮ, ವಸಡು, ರಕ್ತನಾಳದ ಗೋಡೆ, ಮೂಳೆಯ ಒಳಗಿನ ಹಂದರ, ಗಾಯದ ಕಲೆ ಎಲ್ಲವನ್ನೂ ಹಿಡಿದಿಟ್ಟಿರುವುದು ಕೊಲಾಜೆನ್. ಮೂರು ಎಳೆ ಸೇರಿಸಿ ಹೊಸೆದ ಹಗ್ಗ ಅದು. ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕಾದರೆ ಅವುಗಳ ಮೇಲೆ ಅಲ್ಲಲ್ಲಿ ಸಣ್ಣ ಕೊಕ್ಕೆಗಳನ್ನು ಕೂರಿಸಬೇಕು. ಕೂರಿಸುವ ಕಿಣ್ವದ ನಡುವೆ ಕಬ್ಬಿಣದ ಒಂದು ಪರಮಾಣು ಇದೆ, ಕೆಲಸದ ನಡುವೆ ಅದಕ್ಕೆ ತುಕ್ಕು ಹಿಡಿಯುತ್ತದೆ ಎನ್ನಬಹುದು. ಆ ತುಕ್ಕು ಬಿಡಿಸುವುದು ಸಿ ಜೀವಸತ್ವ. ಅದು ಇಲ್ಲದಿದ್ದರೆ ಹಗ್ಗ ಹುರಿಯಿಲ್ಲದೆ ಸಡಿಲವಾಗುತ್ತದೆ. ವಸಡಿನಿಂದ ರಕ್ತ, ಕೂದಲ ಬುಡದಲ್ಲಿ ರಕ್ತದ ಚುಕ್ಕೆಗಳು, ಮಾಯದ ಗಾಯ, ಕೊನೆಗೆ ಮಾಯ್ದಿದ್ದ ಹಳೆಯ ಗಾಯವೂ ಬಿಚ್ಚಿಕೊಳ್ಳುವುದು. ಹಳೆಯ ಗಾಯ ಏಕೆಂದರೆ ಅಲ್ಲಿನ ಹಗ್ಗವನ್ನು ದೇಹ ಸದಾ ಬಿಚ್ಚಿ ಹೊಸೆಯುತ್ತಲೇ ಇರುತ್ತದೆ. ಇದು ಸ್ಕರ್ವಿ.

ಬಹುತೇಕ ಪ್ರಾಣಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ಗ್ಲೂಕೋಸ್‌ನಿಂದ ತಾವೇ ಮಾಡಿಕೊಳ್ಳುತ್ತವೆ. ಮನುಷ್ಯನಲ್ಲಿ, ಕೋತಿಗಳಲ್ಲಿ, ಗಿನಿಯಿಲಿಯಲ್ಲಿ ಆ ಕೊನೆಯ ಹಂತದ ಜೀನ್ ಕೆಟ್ಟುಹೋಗಿದೆ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ಮಂದಿ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ಕಿತ್ತಳೆ, ನಿಂಬೆ ತಿಂದ ಜೋಡಿ ವಾರದೊಳಗೆ ಎದ್ದು ಓಡಾಡಿತು. ಆದರೆ ರಸ ಕೆಡದಿರಲೆಂದು ಅದನ್ನು ಕಾಯಿಸಿ ಗಟ್ಟಿ ಮಾಡಿಡಲು ಲಿಂಡ್ ಸೂಚಿಸಿದರು. ಕಾಯಿಸುವಾಗ ಸಿ ಜೀವಸತ್ವ ನಾಶವಾಗುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಮದ್ದು ಕೈಯಲ್ಲಿದ್ದೂ ಕೆಲಸ ಮಾಡಲಿಲ್ಲ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ.

ಸ್ಕರ್ವಿ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕು. 200 ಮಿಲಿಗ್ರಾಂ ಹೊತ್ತಿಗೆ ರಕ್ತದಲ್ಲಿನ ಮಟ್ಟ ಹೆಚ್ಚುಕಡಿಮೆ ತುಂಬಿರುತ್ತದೆ. ಒಂದು ಗ್ರಾಂ ದಾಟಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೀರಿಕೆಯಾಗುತ್ತದೆ, ಒಳಗೆ ಬಂದದ್ದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಕರುಳಿನಲ್ಲಿ ಉಳಿದದ್ದು ನೀರೆಳೆದು ಭೇದಿ ತರುತ್ತದೆ. ಮೂತ್ರದ ಕಲ್ಲಿನ ಇತಿಹಾಸ ಇರುವವರಿಗೆ ಗ್ರಾಂಗಟ್ಟಲೆ ಸಿ ಒಳ್ಳೆಯದಲ್ಲ, ಅದರ ಒಂದು ಪಾಲು ಕಲ್ಲು ಕಟ್ಟುವ ಆಕ್ಸಲೇಟ್ ಆಗುತ್ತದೆ. ನೆಗಡಿಯ ವಿಷಯ: ದಿನವೂ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ತಪ್ಪುವುದಿಲ್ಲ, ಬಂದ ನೆಗಡಿ ವಯಸ್ಕರಲ್ಲಿ ಶೇಕಡ 8ರಷ್ಟು ಬೇಗ ಹೋಗುತ್ತದೆ. ನೆಗಡಿ ಬಂದ ಮೇಲೆ ಶುರುಮಾಡಿದರೆ ಅಷ್ಟೂ ಇಲ್ಲ. ಗಿಡಮೂಲದ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುವುದರಲ್ಲಿ ಮಾತ್ರ ಸಿ ನಿಜಕ್ಕೂ ಗಟ್ಟಿ. ಸೊಪ್ಪು, ಕಾಳಿನ ಊಟದ ಜೊತೆಗೇ ಹುಳಿಹಣ್ಣು ಬೇಕು, ಎರಡು ಗಂಟೆ ಬಿಟ್ಟು ತಿಂದರೆ ಆ ಲಾಭ ಇಲ್ಲ.

ಕೊಬ್ಬಿನ ಜೊತೆ ಬರುವವರು

ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನಲ್ಲಿ ಕರಗಿ, ಪಿತ್ತರಸದ ನೆರವಿನಿಂದ ಒಳಗೆ ಬರುತ್ತವೆ. ಪಿತ್ತನಾಳ ಕಟ್ಟಿದ್ದರೆ, ಮೇದೋಜೀರಕಾಂಗ ಸೊರಗಿದ್ದರೆ ನಾಲ್ಕೂ ಒಟ್ಟಿಗೆ ಕಡಿಮೆಯಾಗುತ್ತವೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದ ಡಿ ಮಾತ್ರೆಯ ಒಂದು ಪಾಲು ವ್ಯರ್ಥವಾಗಬಹುದು, ಎಣ್ಣೆ ಬೆಣ್ಣೆ ಇರುವ ಊಟದೊಡನೆ ತೆಗೆದುಕೊಳ್ಳಬೇಕು.

ಎ ಜೀವಸತ್ವದ ಕೆಲಸವನ್ನು ಕಣ್ಣಾರೆ ಅಲ್ಲ, ಕಣ್ಣೊಳಗೇ ನೋಡಬಹುದು. ಅಕ್ಷಿಪಟಲದ ಕೋಶಗಳಲ್ಲಿ ರೆಟಿನಲ್ ಎಂಬ ಎ ರೂಪ ಬಾಗಿದ ಕಡ್ಡಿಯಂತೆ ಒಂದು ಪ್ರೋಟೀನಿನೊಳಗೆ ಕೂತಿರುತ್ತದೆ. ಬೆಳಕಿನ ಒಂದು ಕಣ ತಾಕಿದರೆ ಕಡ್ಡಿ ನೇರವಾಗುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಮಿದುಳಿಗೆ ಸಂದೇಶ ಹೋಗುತ್ತದೆ. ನೇರವಾದ ಕಡ್ಡಿಯನ್ನು ಮತ್ತೆ ಬಾಗಿಸಿ ತಂದು ಕೂರಿಸಬೇಕು, ಪ್ರತಿ ಸುತ್ತಿನಲ್ಲೂ ಚೂರು ನಷ್ಟ. ಬದಲಿ ಸಿಗದಿದ್ದರೆ ಮಬ್ಬು ಬೆಳಕಿನಲ್ಲಿ ಮೊದಲು ಕಾಣದಾಗುತ್ತದೆ, ಅದೇ ಇರುಳುಗುರುಡು. ಆಮೇಲೆ ಕಣ್ಣಿನ ಹೊರಪೊರೆ ಒಣಗುತ್ತದೆ, ಬಿಳಿಯ ಭಾಗದ ಮೇಲೆ ನೊರೆಯಂಥ ಚುಕ್ಕೆ ಏಳುತ್ತದೆ, ಕೊನೆಗೆ ಕರಿಗುಡ್ಡೆಯ ಪಾರದರ್ಶಕ ಪೊರೆ ಕರಗಿ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಇರುಳುಗುರುಡಿನ ಹಂತದಲ್ಲಿ ಎ ಕೊಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ.

ಕ್ಯಾರೆಟ್, ಹಳದಿ ಹಣ್ಣು, ಹಸಿರು ಸೊಪ್ಪಿನಲ್ಲಿರುವುದು ಎ ಅಲ್ಲ, ಬೀಟಾ ಕ್ಯಾರೊಟಿನ್. ದೇಹ ಅದನ್ನು ಕತ್ತರಿಸಿ ಎ ಮಾಡಿಕೊಳ್ಳುತ್ತದೆ, ಆಹಾರದ 12 ಮೈಕ್ರೋಗ್ರಾಂ ಕ್ಯಾರೊಟಿನ್‌ಗೆ ಒಂದು ಮೈಕ್ರೋಗ್ರಾಂ ಎ ಎಂಬ ಲೆಕ್ಕ. ದಾಸ್ತಾನು ತುಂಬಿದ್ದರೆ ಕತ್ತರಿಸುವುದನ್ನು ನಿಧಾನ ಮಾಡುತ್ತದೆ, ಆದ್ದರಿಂದ ಕ್ಯಾರೆಟ್ ತಿಂದು ಎ ವಿಷವಾಗುವುದಿಲ್ಲ. ಅಂಗೈ ಹಳದಿಯಾಗಬಹುದು ಅಷ್ಟೇ, ಕಣ್ಣಿನ ಬಿಳಿ ಬಿಳಿಯಾಗಿಯೇ ಇರುತ್ತದೆ. ಕಾಮಾಲೆಯಲ್ಲಿ ಅದೂ ಹಳದಿ. ಆದರೆ ಮಾತ್ರೆಯ, ಯಕೃತ್ತಿನ ಮಾಂಸದ ಎ ಈಗಾಗಲೇ ಸಿದ್ಧರೂಪದ್ದು, ಅದಕ್ಕೆ ತಡೆಯಿಲ್ಲ. ದಿನಕ್ಕೆ 3000 ಮೈಕ್ರೋಗ್ರಾಂ ಮೀರಿ ಬಹುಕಾಲ ಸೇವಿಸಿದರೆ ಯಕೃತ್ತಿಗೆ ಹಾನಿ, ಬಸುರಿಯಲ್ಲಿ ಮಗುವಿನ ಅಂಗಗಳಿಗೇ ಹಾನಿ. ಕ್ಯಾರೊಟಿನ್‌ನ ಮಾತ್ರೆಗೂ ಒಂದು ಎಚ್ಚರಿಕೆ ಬೇಕು: ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ತಡೆಯಲೆಂದು ಅದನ್ನು ಕೊಟ್ಟು ನೋಡಿದ ಅಧ್ಯಯನ 1994ರಲ್ಲಿ ಪ್ರಕಟವಾದಾಗ, ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಿದ್ದದ್ದು ಕಂಡಿತು.

ಡಿ ಈ ಪಟ್ಟಿಗೆ ಸೇರಿದ್ದು ಒಂದು ರೀತಿಯಲ್ಲಿ ತಪ್ಪಿನಿಂದ. ಚರ್ಮದಲ್ಲಿ ತಯಾರಾಗಿ, ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ತಿದ್ದಿಸಿಕೊಂಡು, ರಕ್ತದಲ್ಲಿ ತೇಲಿ ದೂರದ ಅಂಗಗಳಿಗೆ ಆದೇಶ ಕೊಡುವ ವಸ್ತುವಿಗೆ ಹಾರ್ಮೋನ್ ಎಂದೇ ಹೆಸರು. ಇದರ ಮುಖ್ಯ ಆದೇಶ ಕರುಳಿಗೆ: ಕ್ಯಾಲ್ಸಿಯಂ ಹೀರು. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂನ ಶೇಕಡ 10–15 ಮಾತ್ರ ಒಳಗೆ ಬರುತ್ತದೆ, ಇದ್ದರೆ 30–40. ರಕ್ತದ ಕ್ಯಾಲ್ಸಿಯಂ ಇಳಿಯಲು ದೇಹ ಬಿಡುವುದಿಲ್ಲ, ಹೃದಯ ಅದರ ಮೇಲೆ ನಿಂತಿದೆ. ಆದ್ದರಿಂದ ಮೂಳೆಯಿಂದ ತೆಗೆಯುತ್ತದೆ. ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್, ದೊಡ್ಡವರಲ್ಲಿ ಮೂಳೆನೋವು, ಮೆಟ್ಟಿಲು ಹತ್ತಲಾಗದ ಸ್ನಾಯುದೌರ್ಬಲ್ಯ.

ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬಿ ಕಿರಣ. ಎಳೆಬಿಸಿಲಿನಲ್ಲಿ ಇದು ಬಹಳ ಕಡಿಮೆ, ಸೂರ್ಯ ಓರೆಯಾಗಿದ್ದಾಗ ವಾತಾವರಣ ಅದನ್ನು ನುಂಗಿಬಿಡುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಸಿಗುತ್ತಿದೆ, ಉದ್ದವಾಗಿದ್ದರೆ ಇಲ್ಲ ಎಂದು ಅಂದಾಜು ಮಾಡಬಹುದು. ಕಿಟಕಿಯ ಗಾಜಿನ ಹಿಂದೆ ಕೂತರೆ ಬೆಚ್ಚಗಾಗುತ್ತದೆ, ಡಿ ಆಗುವುದಿಲ್ಲ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಪರೀಕ್ಷೆ ಮಾಡಿಸುವುದಾದರೆ ‘25 ಹೈಡ್ರಾಕ್ಸಿ ಡಿ’ ಎಂಬುದನ್ನೇ ಮಾಡಿಸಬೇಕು. ಮೂತ್ರಪಿಂಡ ತಯಾರಿಸುವ ಅಂತಿಮ ರೂಪವನ್ನು ಅಳೆದರೆ ಕೊರತೆಯಿದ್ದರೂ ಸಹಜ ಎಂದು ಬರಬಹುದು.

ಕೆ ಇಲ್ಲದೆ ರಕ್ತ ಹೆಪ್ಪುಗಟ್ಟುವ ಪ್ರೋಟೀನುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಉಗುರು ಮೂಡುವುದಿಲ್ಲ. ಹಸುಗೂಸಿಗೆ ಹೊಕ್ಕುಳಬಳ್ಳಿಯಿಂದಲೂ ಎದೆಹಾಲಿನಿಂದಲೂ ಸಿಗುವ ಕೆ ತೀರಾ ಕಡಿಮೆ, ಅದಕ್ಕೇ ಹುಟ್ಟಿದೊಡನೆ ಒಂದು ಮಿಲಿಗ್ರಾಂ ಇಂಜೆಕ್ಷನ್. ರಕ್ತ ಹೆಪ್ಪುಗಟ್ಟದಿರಲೆಂದು ಕೆಯ ಕೆಲಸ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ ಹೆಚ್ಚಿರುವ ಸೊಪ್ಪು ಬಿಡಬೇಕಿಲ್ಲ, ಪ್ರತಿವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಇ ಕೋಶಪೊರೆಯ ಕೊಬ್ಬು ಕಮಟಾಗದಂತೆ ಕಾಯುತ್ತದೆ. ಅದರ ಕೊರತೆ ಅಪರೂಪ, ದೊಡ್ಡ ಪ್ರಮಾಣದ ಮಾತ್ರೆಯಿಂದ ರಕ್ತಸ್ರಾವದ ಅಪಾಯವೇ ಹೆಚ್ಚು.

ಪಾತ್ರೆಯಲ್ಲಿ ಕಳೆಯುವುದು, ಮಾತ್ರೆಯಲ್ಲಿ ಎಡವುವುದು

ಸಿ, ಫೋಲೇಟ್, ಬಿ1 ನೀರಿಗೆ ಇಳಿಯುತ್ತವೆ. ತರಕಾರಿ ಬೇಯಿಸಿದ ನೀರು ಚೆಲ್ಲಿದರೆ ಅವೂ ಚೆಲ್ಲಿದಂತೆ. ಹೆಚ್ಚಿದ ಮೇಲೆ ತೊಳೆಯುವುದಕ್ಕಿಂತ ತೊಳೆದು ಹೆಚ್ಚುವುದು, ಮುಳುಗಿಸಿ ಕುದಿಸುವುದಕ್ಕಿಂತ ಹಬೆಯಲ್ಲಿ ಬೇಯಿಸುವುದು ಮೇಲು. ಕಾಳು ಬೇಗ ಬೇಯಲೆಂದು, ಸೊಪ್ಪು ಹಸಿರಾಗಿರಲೆಂದು ಹಾಕುವ ಅಡುಗೆ ಸೋಡಾ ಬಿ1, ಸಿ ಎರಡನ್ನೂ ಕೊಲ್ಲುತ್ತದೆ. ಹಾಲಿನ ಬಿ2 ಬೆಳಕಿಗೆ ಹಾಳಾಗುತ್ತದೆ, ಪಾರದರ್ಶಕ ಬಾಟಲಿಯನ್ನು ಬಿಸಿಲಲ್ಲಿ ಇಡಬಾರದು. ಕ್ಯಾರೊಟಿನ್‌ನದು ಮಾತ್ರ ತದ್ವಿರುದ್ಧ: ಹಸಿಯಾಗಿ ತಿನ್ನುವುದಕ್ಕಿಂತ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿದರೆ ಹೆಚ್ಚು ದಕ್ಕುತ್ತದೆ.

ಮಾತ್ರೆಯಲ್ಲಿ ಜನ ಹೆಚ್ಚು ಎಡವುವುದು ಡಿ ವಿಷಯದಲ್ಲಿ. ಕೊರತೆ ತುಂಬಲು ವಾರಕ್ಕೊಂದರಂತೆ ಎಂಟು ವಾರ ಕೊಡುವ 60,000 ಐಯು (ಜೀವಸತ್ವ ಅಳೆಯುವ ಒಂದು ಮಾನ) ಪ್ರಮಾಣವನ್ನು ತಿಳಿಯದೆ ದಿನವೂ ನುಂಗುತ್ತಾರೆ, ಇಲ್ಲವೇ ಎಂಟು ವಾರ ಮುಗಿದ ಮೇಲೂ ನಿಲ್ಲಿಸುವುದಿಲ್ಲ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ ದಾಟಬಾರದ ಮಿತಿ 4000 ಐಯು. 40 ಐಯು ಅಂದರೆ ಒಂದು ಮೈಕ್ರೋಗ್ರಾಂ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮೂತ್ರಪಿಂಡಕ್ಕೆ ಪೆಟ್ಟು. ಮಾತ್ರೆ ನಿಲ್ಲಿಸಿದರೂ ಕೊಬ್ಬಿನಲ್ಲಿ ಸೇರಿಕೊಂಡ ಡಿ ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ.

ಇನ್ನೊಂದು ಎಡವಟ್ಟು ದೇಹದಲ್ಲಿ ಅಲ್ಲ, ಪ್ರಯೋಗಾಲಯದಲ್ಲಿ ಆಗುತ್ತದೆ. ಬಿ ಗುಂಪಿನದೇ ಆದ ಬಯೊಟಿನ್ ದಿನಕ್ಕೆ 30 ಮೈಕ್ರೋಗ್ರಾಂ ಸಾಕು, ಕೊರತೆ ತೀರಾ ವಿರಳ. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುತ್ತದೆ. ಅದರಿಂದ ಮೈಗೆ ವಿಷವೇನೂ ಆಗದು. ಆದರೆ ಎಷ್ಟೋ ರಕ್ತಪರೀಕ್ಷೆಯ ಯಂತ್ರಗಳು ಬಯೊಟಿನ್ ಅಂಟುವ ಗುಣವನ್ನೇ ಬಳಸಿಕೊಂಡು ಅಳೆಯುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್ ಸರಿಯಿದ್ದವರ ವರದಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಬರಬಹುದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆ ಏನೂ ಆಗಿಲ್ಲ ಎಂದು ತೋರಿಸಬಹುದು. ಮೊದಲೇ ಗೊತ್ತಿರುವ ಪರೀಕ್ಷೆಯಾದರೆ ಎರಡು ಮೂರು ದಿನ ಮುಂಚೆ ಬಯೊಟಿನ್ ನಿಲ್ಲಿಸಬೇಕು. ಎದೆನೋವೆಂದು ಆಸ್ಪತ್ರೆಗೆ ಹೋದಾಗ ರಕ್ತ ತೆಗೆಯುವ ಮುಂಚೆಯೇ ಆ ಮಾತ್ರೆಯ ಹೆಸರು ಹೇಳಬೇಕು.